ಮುದ್ರೆಯ ಹೊಣೆ: ಮಹಮೂದ್ ಗವಾನನ ವಧೆಯೂ ಇಂದಿನ ಕಂಪೆನಿಗಳ ಅಪವಾದಗಳೂ

ಮೊಸರನ್ನವನ್ನು ತಾನು ತಿಂದು ಮೇಕೆಯ ಬಾಯಿಗೆ ಒರಸಿದ ಕೋತಿಯ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಈ ಗಾದೆಯನ್ನು ಹೇಳುವವರ ಗಮನವೆಲ್ಲ ಕೋತಿಯ ಕಪಟದ ಮೇಲೆಯೇ ಇರುತ್ತದೆ. ಮೇಕೆಯ ಬಾಯಿಯನ್ನು ನೋಡಿದ ಮಾತ್ರಕ್ಕೆ ಕೋಲನ್ನೆತ್ತಿಕೊಂಡ ಮನೆಯೊಡೆಯನ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ದೊಡ್ಡ ಸಂಸ್ಥೆಗಳಲ್ಲಿ ಮೋಸವು ಬಯಲಾದಾಗ ನಡೆಯುವ ವ್ಯಾಪಾರವನ್ನು ಪರಿಶೀಲಿಸಿದರೆ, ಕೋತಿಯ ಜಾಣತನಕ್ಕಿಂತ ಒಡೆಯನ ಅವಸರವೇ ಹೆಚ್ಚಿನ ಅನರ್ಥಕ್ಕೆ ಕಾರಣವೆಂದು ತೋರುತ್ತದೆ. ಬಾಯಿಗೆ ಅಂಟಿದ ಮೊಸರು ಒಂದು ಕುರುಹು. ಕಾಗದದ ಮೇಲಣ ಮುದ್ರೆಯೂ ಒಂದು ಕುರುಹು. ಕುರುಹು ಯಾರ ಬಳಿ ದೊರೆಯಿತೋ ಅವನೇ ತಪ್ಪಿತಸ್ಥನೆಂಬ ತರ್ಕವು ಎಷ್ಟು ಹಳೆಯದು, ಎಷ್ಟು ಅಪಾಯಕರವಾದುದು ಎಂಬುದಕ್ಕೆ ಕನ್ನಡನಾಡಿನ ಉತ್ತರದ ತುದಿಯಲ್ಲಿರುವ ಬೀದರಿನ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಇಂದು ಭಾಲ್ಕಿ, ಔರಾದ, ಡಾಬಕಾ ಎಂದು ಕರೆಯಲ್ಪಡುವ ಸೀಮೆಯು 15ನೆಯ ಶತಮಾನದಲ್ಲಿ ಬಹಮನಿ ರಾಜಧಾನಿಯ ನೆರೆಯ ನಾಡಾಗಿದ್ದಿತು. ಆ ರಾಜಧಾನಿಯಿಂದ ಹೊರಟು ದಂಡಿನ ಪಾಳೆಯದಲ್ಲಿದ್ದ ಮಂತ್ರಿಯೊಬ್ಬನು, ತನ್ನ ಮುದ್ರೆಯುಳ್ಳ, ಆದರೆ ತಾನು ಬರೆಯಿಸದ ಒಂದು ಕಾಗದಕ್ಕಾಗಿ 1481ರಲ್ಲಿ ತಲೆಯನ್ನು ತೆತ್ತನು.

ಖ್ವಾಜಾ ಮಹಮೂದ್ ಗವಾನ್ ಪಾರಸೀಕ ದೇಶದ ಗೀಲಾನ್ ಪ್ರಾಂತದವನು, ವೃತ್ತಿಯಿಂದ ವರ್ತಕನು. 1453ರಲ್ಲಿ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದು, ಎರಡನೆಯ ಅಲಾಉದ್ದೀನ್ ಅಹಮದನ ಆಶ್ರಯವನ್ನು ಪಡೆದನು. ಹುಮಾಯೂನನ ಕಾಲದಲ್ಲಿ 'ಮಲಿಕ್-ಉತ್-ತುಜ್ಜಾರ್', ಎಂದರೆ ವರ್ತಕರ ಒಡೆಯ, ಎಂಬ ಬಿರುದು ಅವನಿಗೆ ಬಂದಿತು. ಹುಮಾಯೂನನ ಮಕ್ಕಳು ಬಾಲಕರಾಗಿದ್ದಾಗ ರಾಜಮಾತೆಯೊಡನೆ ರಾಜ್ಯಭಾರವನ್ನು ನಡೆಸಿದವರಲ್ಲಿ ಅವನೂ ಒಬ್ಬನು. 1463ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಮಹಮ್ಮದನಿಗೆ ಆಗ ಹತ್ತು ವರ್ಷಗಳೂ ತುಂಬಿರಲಿಲ್ಲವಾದುದರಿಂದ, ಮುಂದಿನ ಹದಿನೈದು ವರ್ಷಗಳ ಕಾಲ ಗವಾನನೇ ರಾಜ್ಯದ ನಿಜವಾದ ಕಾರ್ಯನಿರ್ವಾಹಕನಾಗಿದ್ದನೆಂದರೆ ಅತಿಶಯೋಕ್ತಿಯಾಗಲಾರದು. 1472ರಲ್ಲಿ ಗೋವೆಯನ್ನು ಗೆದ್ದವನು ಅವನು. ಅದೇ ಕಾಲದಲ್ಲಿ ಬೀದರಿನಲ್ಲಿ ಮದರಸವನ್ನು ಕಟ್ಟಿಸಿದವನೂ ಅವನೇ. ಅವನ ಪತ್ರಗಳ ಸಂಕಲನವಾದ 'ರಿಯಾಜ್-ಉಲ್-ಇನ್ಶಾ' ಪಾರಸೀ ಗದ್ಯದಲ್ಲಿ ಹೆಸರುವಾಸಿಯಾದ ಗ್ರಂಥ. ಪತ್ರಲೇಖನಕಲೆಯ ಮೇಲೆ ಶಾಸ್ತ್ರಗ್ರಂಥವನ್ನು ಬರೆದವನ ಪ್ರಾಣವು ಒಂದು ಕೂಟಪತ್ರದಿಂದಲೇ ಹೋದುದು ವಿಧಿವಿಲಾಸವೆನ್ನಬೇಕು.

ಅವನಿಗೆ ಶತ್ರುಗಳು ಹುಟ್ಟಿದ ಬಗೆಯನ್ನು ತಿಳಿಯದೆ ಮುಂದಿನ ಕಥೆಯು ಅರ್ಥವಾಗುವಂತಿಲ್ಲ. ದಖ್ಖನಿಗಳಿಗೂ ಹೊರನಾಡಿನಿಂದ ಬಂದ ಆಫಾಕಿಗಳಿಗೂ ಇದ್ದ ವೈಷಮ್ಯವನ್ನೇ ಸಾಮಾನ್ಯವಾಗಿ ಪಾಠಪುಸ್ತಕಗಳು ಹೇಳುತ್ತವೆ. ಅದು ಸುಳ್ಳಲ್ಲ, ಆದರೆ ಅದರ ಕೆಳಗೆ ಲೆಕ್ಕದ ವಿಷಯವೊಂದಿದೆ. ರಾಜ್ಯವು ಹಿಂದೆ ಗುಲ್ಬರ್ಗಾ, ದೌಲತಾಬಾದ್, ಬೀರಾರ, ತೆಲಂಗಾಣ ಎಂಬ ನಾಲ್ಕು ತರಫುಗಳಾಗಿ ವಿಭಾಗವಾಗಿದ್ದಿತು. ಗವಾನನು ಒಂದೊಂದನ್ನು ಎರಡೆರಡಾಗಿ ಒಡೆದು ಎಂಟನ್ನು ಮಾಡಿದನು. ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ, ಮಿಕ್ಕವುಗಳಿಗೆ ಕಿಲ್ಲೇದಾರರನ್ನು ರಾಜಧಾನಿಯಿಂದಲೇ ನೇಮಿಸಿದನು. ಭೂಮಿಯನ್ನು ಅಳೆಯಿಸಿದನು, ಒಂದೊಂದು ತರಫಿನಲ್ಲಿಯೂ ಕೆಲವು ಪರಗಣೆಗಳನ್ನು ಖಾಲ್ಸಾ ಮಾಡಿ ಅದರ ಹುಟ್ಟುವಳಿಯನ್ನು ನೇರವಾಗಿ ಬೊಕ್ಕಸಕ್ಕೆ ಸೇರಿಸಿದನು. 500 ಆಳುಗಳನ್ನಿಡಬೇಕಾದ ಸರದಾರನಿಗೆ ವರ್ಷಕ್ಕೆ 1,00,000 ಹೊನ್ನುಗಳಿದ್ದುದನ್ನು 1,25,000ಕ್ಕೆ ಏರಿಸಿದನೇನೋ ಸರಿಯೆ. ಆದರೆ ಲೆಕ್ಕಕ್ಕೆ ಕಡಮೆಯಾದ ಪ್ರತಿ ಆಳಿನ ಪಾಲನ್ನೂ ಮುರಿದುಕೊಳ್ಳುವ ನಿಯಮವನ್ನು ಅದರೊಡನೆಯೇ ಸೇರಿಸಿದನು. ಕಾಗದದ ಮೇಲೆ ಮಾತ್ರವಿದ್ದ ಆಳುಗಳಿಗೆ ಸಂಬಳವನ್ನು ತಿನ್ನುತ್ತಿದ್ದ ದೊರೆಮಕ್ಕಳಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ತೆಲಂಗಾಣವನ್ನು ಇಡಿಯಾಗಿ ಆಳುವ ಆಸೆಯಿಟ್ಟುಕೊಂಡಿದ್ದ ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕನಿಗೆ ತರಫಿನ ವಿಭಾಗವು ವಿಶೇಷವಾಗಿ ನೋಯಿಸಿತು.

ಮುಂದಿನ ವೃತ್ತಾಂತವನ್ನು ಫಿರಿಶ್ತಾ ವಿಸ್ತಾರವಾಗಿ ಹೇಳಿದ್ದಾನೆ. ಗವಾನನ ಮುದ್ರೆಯನ್ನು ಕಾಯುತ್ತಿದ್ದವನು ಒಬ್ಬ ಹಬಶಿ ಗುಲಾಮ. ಪಿತೂರಿಗಾರರು ಅವನೊಡನೆ ಸ್ನೇಹವನ್ನು ಬೆಳೆಸಿ, ಉಡುಗೊರೆಗಳನ್ನು ಕೊಟ್ಟು, ಒಂದು ದಿನ ಅವನು ಕುಡಿದು ಮತ್ತನಾಗಿದ್ದಾಗ, ಮಡಿಚಿದ ಕಾಗದವೊಂದನ್ನು ಮುಂದಿಟ್ಟರು. ಸ್ನೇಹಿತನೊಬ್ಬನ ಲೆಕ್ಕದ ಕಾಗದವಿದು, ಇತರ ಅಧಿಕಾರಿಗಳ ಮುದ್ರೆಗಳು ಬಿದ್ದಿವೆ, ಇದೊಂದು ಉಳಿದಿದೆ ಎಂದು ನಂಬಿಸಿದರು. ಅವನು ಬಿಚ್ಚಿಯೂ ನೋಡದೆ ಮುದ್ರೆಯನ್ನೊತ್ತಿದನು. ಆ ಬರಿಯ ಕಾಗದದ ಮೇಲೆ ಗವಾನನು ಒಡ್ಡರ ರಾಜನಾದ ಗಜಪತಿಗೆ ಬರೆದಂತೆ ಒಂದು ಪತ್ರವು ಸಿದ್ಧವಾಯಿತು: ಸುಲ್ತಾನನ ಮದ್ಯಪಾನದಿಂದಲೂ ಕ್ರೌರ್ಯದಿಂದಲೂ ಪ್ರಜೆಗಳು ಬೇಸತ್ತಿದ್ದಾರೆ, ನೀನು ದಂಡೆತ್ತಿ ಬಂದರೆ ರಾಜ್ಯವನ್ನು ಹಂಚಿಕೊಳ್ಳಬಹುದು, ಎಂಬುದು ಅದರ ಅಭಿಪ್ರಾಯ. ಮಲಿಕ್ ಹಸನನು ಸನ್ನಿಧಿಯಲ್ಲಿದ್ದ ಸಮಯವನ್ನು ನೋಡಿ ಅದನ್ನು ಸುಲ್ತಾನನ ಕೈಗೆ ಮುಟ್ಟಿಸಿದರು.

ಸುಲ್ತಾನನು ಆಗ ಕೃಷ್ಣಾತೀರದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿದ್ದನು. ಅವನು ಮತ್ತಿನಲ್ಲಿದ್ದನೆಂದು ಚರಿತ್ರಕಾರರು ಹೇಳುತ್ತಾರೆ. ಕರೆ ಬಂದಾಗ ಸ್ನೇಹಿತರು ಹೋಗಬೇಡವೆಂದು ತಡೆದರೂ ವೃದ್ಧನು ಹೋದನು. ಒಡೆಯನಿಗೆ ದ್ರೋಹವನ್ನು ಬಗೆದ ಸೇವಕನಿಗೆ ಶಿಕ್ಷೆಯೇನೆಂದು ಸುಲ್ತಾನನು ಕೇಳಿದನು. ಕತ್ತಿಯೆಂದು ಮಂತ್ರಿಯು ಉತ್ತರವಿತ್ತನು. ಪತ್ರವನ್ನು ತೋರಿಸಿದಾಗ, ಮುದ್ರೆಯು ತನ್ನದೇ, ಬರಹವು ಮಾತ್ರ ತನ್ನದಲ್ಲವೆಂದನು. ಪತ್ರವನ್ನು ಒಯ್ಯುತ್ತಿದ್ದ ಓಲೆಕಾರನನ್ನು ಕರೆಯಿಸಲಿಲ್ಲ. ಮುದ್ರೆಯ ಕಾವಲಿನವನನ್ನು ಕೇಳಲಿಲ್ಲ. ಅಕ್ಷರದ ಕೈಯನ್ನು ಹೋಲಿಸಿ ನೋಡಲಿಲ್ಲ. ಸುಲ್ತಾನನು ಜೌಹರನೆಂಬ ಹಬಶಿಗೆ ಸನ್ನೆ ಮಾಡಿ ಎದ್ದುಹೋದನು. ಅಂದು 1481ನೆಯ ಇಸವಿ ಏಪ್ರಿಲ್ 5ನೆಯ ತಾರೀಖು. ಗವಾನನಿಗೆ ಎಪ್ಪತ್ತು ವರ್ಷಗಳು ತುಂಬಿದ್ದುವು.

ವಿಚಾರಣೆಯು ನಡೆದುದು ಆಮೇಲೆ! ಸತ್ತವನ ಐಶ್ವರ್ಯವು ಅಪಾರವಾಗಿರಬೇಕೆಂದು ಎಣಿಸಿ ಸುಲ್ತಾನನು ಅವನ ಬೊಕ್ಕಸದವನನ್ನು ಕರೆಯಿಸಿದನು. ಅವನು ಒಪ್ಪಿಸಿದ ಲೆಕ್ಕದಂತೆ ಗವಾನನಿಗೆ ಎರಡು ಬೊಕ್ಕಸಗಳಿದ್ದುವು. ಒಂದು ರಾಜನದು: ಅವನ ಜಹಗೀರಿನ ಹುಟ್ಟುವಳಿಯು ಅದಕ್ಕೆ ಸೇರಿ, ದಂಡಿನ ಖರ್ಚಿಗೂ ಸೇವಕರ ಸಂಬಳಕ್ಕೂ ಹೋಗುತ್ತಲಿದ್ದಿತು. ಇನ್ನೊಂದು ಬಡವರದು: ಅದರಲ್ಲಿ 300 ಲಾರಿಗಳು, ಎಂದರೆ ಆ ಕಾಲದ ಬೆಳ್ಳಿಯ ನಾಣ್ಯಗಳು, ಮಾತ್ರ ಉಳಿದಿದ್ದುವು. ಹುಟ್ಟೂರಿನಿಂದ ತಂದಿದ್ದ 40,000 ಲಾರಿಗಳ ಮೂಲಧನವನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಿಂದ ಅವನು ತನ್ನ ಸ್ವಂತ ಖರ್ಚನ್ನೂ ದಾನಧರ್ಮವನ್ನೂ ನಡೆಸುತ್ತಿದ್ದನು. ದ್ರೋಹದಿಂದ ಬಂದ ಹಣವೆಂಬುದು ಎಲ್ಲಿಯೂ ಕಾಣಲಿಲ್ಲ. ಸುಲ್ತಾನನು ಪಶ್ಚಾತ್ತಾಪಪಟ್ಟು ಶವವನ್ನು ಗೌರವದಿಂದ ಬೀದರಿಗೆ ಕಳುಹಿದನು. ಆದರೆ ಸತ್ತವನ ಅಧಿಕಾರವು ಹೋಗಿ ಸೇರಿದುದು ಯಾರನ್ನು? ಮಲಿಕ್ ಹಸನನನ್ನೇ. ಯೂಸುಫ್ ಆದಿಲ್ ಖಾನನೂ ಇಮಾದ್-ಉಲ್-ಮುಲ್ಕನೂ ಸುಲ್ತಾನನ ಪಾಳೆಯದಿಂದ ದೂರದಲ್ಲಿ ತಮ್ಮ ಡೇರೆಗಳನ್ನು ಹಾಕಿಕೊಂಡರು. ಒಂದು ವರ್ಷವು ತುಂಬುವ ಮೊದಲೇ, 1482ರ ಮಾರ್ಚ್ ತಿಂಗಳಲ್ಲಿ, ಸುಲ್ತಾನನು ತೀರಿಕೊಂಡನು; 1486ರಲ್ಲಿ ಮಲಿಕ್ ಹಸನನೂ ಕೊಲೆಯಾದನು; 1490ರ ಸುಮಾರಿಗೆ ಬಿಜಾಪುರ, ಅಹಮದನಗರ, ಬೀರಾರಗಳು ಬೇರೆಯಾದುವು.

ಈ ಕಥೆಯನ್ನು ಯಾರು ಹೇಳಿದರೆಂಬುದನ್ನೂ ವಾಚಕರು ಮರೆಯಲಾಗದು. ಫಿರಿಶ್ತಾ ತನ್ನ ಗ್ರಂಥವನ್ನು ಬರೆದುದು ಬಿಜಾಪುರದಲ್ಲಿ, ಯೂಸುಫನ ವಂಶದವನಾದ ಎರಡನೆಯ ಇಬ್ರಾಹಿಮ್ ಆದಿಲ್ ಶಹನ ಆಶ್ರಯದಲ್ಲಿ, ಘಟನೆಯು ನಡೆದು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ. 'ಬುರ್ಹಾನ್-ಇ-ಮಆಸಿರ್' ಹುಟ್ಟಿದುದು ಅಹಮದನಗರದ ಆಸ್ಥಾನದಲ್ಲಿ. ಆ ರಾಜವಂಶವನ್ನು ಸ್ಥಾಪಿಸಿದವನು ಮಲಿಕ್ ಹಸನನ ಮಗನು. ಹೊಣೆಯನ್ನು ಹಂಚುವ ಕೆಲಸವು ಚರಿತ್ರಕಾರನ ಲೇಖನಿಯಲ್ಲಿಯೂ ಮುಂದುವರಿಯುವ ಸಂಭವವುಂಟು. 1942ರಲ್ಲಿ ಗವಾನನ ಜೀವನವನ್ನು ಕುರಿತು ಪ್ರತ್ಯೇಕ ಗ್ರಂಥವನ್ನು ಪ್ರಕಟಿಸಿದ ಹಾರೂನ್ ಖಾನ್ ಶೇರ್ವಾನಿಯವರು ಈ ಆಕರಗಳನ್ನು ಒಂದರೊಡನೊಂದನ್ನು ತಾಳೆನೋಡುವ ಮಾರ್ಗವನ್ನು ತೋರಿಸಿಕೊಟ್ಟಿದ್ದಾರೆ.

ಒಂದು ಅಂಶವು ವಿಶೇಷವಾಗಿ ವಿಚಾರಾರ್ಹವಾದುದು. ಬೊಕ್ಕಸದ ಎಣಿಕೆಯ ಪ್ರಸಂಗವು ಬೀದರಿನ ಸೀಮೆಗೆ ಹೊಸದಲ್ಲ. ಅದೇ ಜಿಲ್ಲೆಗೆ ಸೇರಿದ ಕಲ್ಯಾಣದಲ್ಲಿ, ಸುಮಾರು ಮೂರು ಶತಮಾನಗಳ ಹಿಂದೆ, ಭಂಡಾರಿ ಬಸವಣ್ಣನವರು ಬಿಜ್ಜಳನ ಹೊನ್ನನ್ನು ಜಂಗಮರಿಗೆ ಚೆಲ್ಲುತ್ತಿದ್ದಾರೆಂದು ಚಾಡಿಗಳು ಹೋದುವೆಂದೂ, ರಾಜನ ಎದುರಿಗೆ ಪೆಟ್ಟಿಗೆಗಳನ್ನು ತೆರೆದು ಎಣಿಸಿದಾಗ ಕಾಸಿಗೂ ಕೊರತೆಯಿರಲಿಲ್ಲವೆಂದೂ ಬಸವಪುರಾಣವು ಹೇಳುತ್ತದೆ. ಭೀಮಕವಿಯ ಕನ್ನಡ ಕಾವ್ಯದಿಂದ (1369) ಈ ಪ್ರಸಂಗವು ಅಧ್ಯಾಪಕರಿಗೆ ಪರಿಚಿತವಾದುದೇ. ಪುರಾಣದ ಮಾತನ್ನು ಚರಿತ್ರೆಯಾಗಿ ಹಿಡಿಯಬೇಕಾದ ಅಗತ್ಯವಿಲ್ಲ. ಆದರೆ ಕವಿಯ ಕಲ್ಪನೆಯಲ್ಲಿ ಆಪಾದನೆಗೂ ಶಿಕ್ಷೆಗೂ ನಡುವೆ ಎಣಿಕೆಯೊಂದು ಬರುತ್ತದೆ. ಕೊಂಡಪಲ್ಲಿಯಲ್ಲಿ ಎಣಿಕೆಯು ಶಿಕ್ಷೆಯ ಹಿಂದೆ ಬಂದಿತು. ಕ್ರಮವೊಂದು ತಿರುಗಿದುದರಿಂದ ಆದ ವ್ಯತ್ಯಾಸವಿಷ್ಟು!

ಕೌಟಿಲ್ಯನೂ ಈ ಕ್ರಮವನ್ನೇ ವಿಧಿಸಿದ್ದಾನೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಸರಕಾರದ ಹಣವನ್ನು ಅಪಹರಿಸುವ 40 ಉಪಾಯಗಳನ್ನು ಎಣಿಸಿದ ಮೇಲೆ, ಅಂತಹ ಸಂದರ್ಭದಲ್ಲಿ ಯಾರು ಯಾರನ್ನು ವಿಚಾರಿಸಬೇಕೆಂಬುದನ್ನೂ ಹೇಳಲಾಗಿದೆ: ಇಟ್ಟವನು, ಬರೆದವನು, ತೆಗೆದುಕೊಂಡವನು, ಕೊಟ್ಟವನು, ಕೊಡಿಸಿದವನು, ಮಂತ್ರಿಯ ಕೆಳಗಿನ ಕಾರ್ಯಕರ್ತನು. ಇವರೆಲ್ಲರನ್ನೂ ಬೇರೆಬೇರೆಯಾಗಿ ಕೇಳಬೇಕು. ಬೇರೆಬೇರೆಯಾಗಿ ಎಂಬ ಮಾತಿನಲ್ಲಿಯೇ ಸ್ವಾರಸ್ಯವಿರುವುದು. ಒಟ್ಟಿಗೆ ನಿಲ್ಲಿಸಿ ಕೇಳಿದರೆ ಬಲ್ಲಿದನು ಮಾತನಾಡುತ್ತಾನೆ. ಬಡವನು ನೆಲವನ್ನು ನೋಡುತ್ತಾನೆ. 'ಕೊಟ್ಟವನು' ಎಂದ ಕೂಡಲೆ 'ಕೊಡಿಸಿದವನು' ಎಂಬ ಇನ್ನೊಂದು ಸ್ಥಾನವನ್ನು ಗುರುತಿಸಿರುವುದೂ ಗಮನಾರ್ಹವಾದುದು. ಇಂದಿನ ಕಂಪೆನಿಗಳ ಅಪವಾದಗಳಲ್ಲಿ ಮರೆಯಾಗುವ ಸ್ಥಾನವು ಅದೇ.

ಅಮೇರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಪ್ರಕರಣವು ಇದಕ್ಕೆ ತಕ್ಕ ಉದಾಹರಣೆ. ಗಿರಾಕಿಗಳಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಸುಮಾರು 20 ಲಕ್ಷ ಖಾತೆಗಳು ತೆರೆಯಲ್ಪಟ್ಟಿದ್ದುವೆಂದು 2016ರ ಸೆಪ್ಟೆಂಬರಿನಲ್ಲಿ ಹೊರಬಿದ್ದಿತು. ಆ ಸಂಖ್ಯೆಯು ಆಮೇಲೆ 35 ಲಕ್ಷಕ್ಕೆ ಏರಿತು. ಬ್ಯಾಂಕಿಗೆ 18.5 ಕೋಟಿ ಡಾಲರುಗಳ ದಂಡವು ಬಿದ್ದಿತು. ಐದು ವರ್ಷಗಳಲ್ಲಿ ಸುಮಾರು 5,300 ನೌಕರರನ್ನು ಕೆಲಸದಿಂದ ತೆಗೆದುಹಾಕಲಾಗಿದೆಯೆಂಬುದನ್ನು ಬ್ಯಾಂಕು ತನ್ನ ಶುದ್ಧಿಗೆ ಸಾಕ್ಷಿಯಾಗಿ ಮುಂದಿಟ್ಟಿತು. ಅದೇ ತಿಂಗಳು ಸೆನೆಟ್ಟಿನ ಸಮಿತಿಯೆದುರು ಮುಖ್ಯಾಧಿಕಾರಿಯಾದ ಜಾನ್ ಸ್ಟಂಫ್ ಕ್ಷಮೆಯನ್ನು ಬೇಡಿದನು. ಆದರೆ ಇದು ಮೇಲಿನಿಂದ ಹೂಡಿದ ಹೂಟವೆಂಬುದನ್ನು ಒಪ್ಪಲಿಲ್ಲ. ಒಬ್ಬೊಬ್ಬ ಗಿರಾಕಿಗೂ ಎಂಟು ಬಗೆಯ ಖಾತೆಗಳನ್ನು ಮಾರಬೇಕೆಂಬ ಗುರಿಯನ್ನಿಟ್ಟವರಾರು? ದಿನದಿನವೂ ಆ ಗುರಿಯನ್ನು ಮುಟ್ಟದ ನೌಕರನ ಕೆಲಸವು ನಿಲ್ಲದೆಂಬ ಭಯವನ್ನು ಹಬ್ಬಿಸಿದವರಾರು? ಖಾತೆಗಳ ಸಂಖ್ಯೆಯನ್ನು ತೋರಿಸಿ ಷೇರುಗಳ ಬೆಲೆಯು ಏರಿದಾಗ ಲಾಭವು ಯಾರಿಗೆ ಸಂದಿತು? ಬ್ಯಾಂಕಿನ ನಿರ್ದೇಶಕರೇ ಮಾಡಿಸಿದ ತನಿಖೆಯು 2017ರಲ್ಲಿ ಮಾರಾಟದ ಈ ಪದ್ಧತಿಯನ್ನೇ ಮೂಲವೆಂದು ಗುರುತಿಸಿತು. 2020ರಲ್ಲಿ ಬ್ಯಾಂಕು 300 ಕೋಟಿ ಡಾಲರುಗಳನ್ನು ತೆತ್ತಿತು, ಸ್ಟಂಫನಿಗೆ 1.75 ಕೋಟಿ ಡಾಲರುಗಳ ದಂಡವೂ ಬ್ಯಾಂಕಿನ ಉದ್ಯೋಗದಿಂದ ಬಹಿಷ್ಕಾರವೂ ಆದುವು. ಕೊಡಿಸಿದವನ ಸ್ಥಾನಕ್ಕೆ ವಿಚಾರಣೆಯು ಮುಟ್ಟಿತು. ಆದರೆ 5,300 ಮಂದಿಯ ಸರದಿಯು ಮೊದಲು, ಅವನದು ನಾಲ್ಕು ವರ್ಷಗಳ ಮೇಲೆ.

ವೋಕ್ಸ್‌ವ್ಯಾಗನ್ ಕಂಪೆನಿಯು ಸುಮಾರು 1.1 ಕೋಟಿ ಮೋಟಾರುಗಾಡಿಗಳಲ್ಲಿ ಹೊಗೆಯ ಪರೀಕ್ಷೆಯನ್ನು ವಂಚಿಸುವ ಉಪಾಯವನ್ನು ಅಡಗಿಸಿಟ್ಟಿದ್ದ ಸಂಗತಿಯು 2015ರಲ್ಲಿ ಬಯಲಾದಾಗ, ಅದರ ಅಮೇರಿಕದ ಮುಖ್ಯಸ್ಥನು ಶಾಸನಸಭೆಯೆದುರು ಇದು ಒಂದಿಬ್ಬರು ಇಂಜಿನಿಯರರ ಕೆಲಸವೆಂದು ಹೇಳಿದನು. 1.1 ಕೋಟಿ ಗಾಡಿಗಳ ಭಾರವನ್ನು ಹೊರಲು ಇಬ್ಬರ ಹೆಗಲುಗಳು ಸಾಕೆಂಬುದು ಆ ಸಭಾಸದರಿಗೂ ನಂಬಿಕೆಯಾಗಲಿಲ್ಲ.

ಗವಾನನ ಮುದ್ರೆಗೆ ಅತ್ಯಂತ ಸಮೀಪವಾದುದು ಭಾರತದಲ್ಲಿಯೇ ನಡೆದ ಪ್ರಕರಣ. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕು ಮುಂಬಯಿಯ ಬ್ರೇಡಿ ಹೌಸ್ ಶಾಖೆಯಲ್ಲಿ ಸುಮಾರು 11,400 ಕೋಟಿ ರೂಪಾಯಿಗಳ ವಂಚನೆಯಾಗಿದೆಯೆಂದು ಪ್ರಕಟಿಸಿತು. ವಜ್ರದ ವ್ಯಾಪಾರಿಗಳ ಸಾಲಕ್ಕೆ ಬ್ಯಾಂಕೇ ಹೊಣೆಯೆಂದು ಹೇಳುವ ಪತ್ರಗಳು 'ಸ್ವಿಫ್ಟ್' ಎಂಬ ತಂತಿಯ ಮಾರ್ಗದಲ್ಲಿ ಹೊರದೇಶದ ಶಾಖೆಗಳಿಗೆ ಹೋಗುತ್ತಲಿದ್ದುವು. ಬ್ಯಾಂಕಿನ ಲೆಕ್ಕದ ಯಂತ್ರದಲ್ಲಿ ಅವುಗಳ ನಮೂದಿರಲಿಲ್ಲ. ಈ ಎರಡು ಯಂತ್ರಗಳಿಗೂ ನಡುವೆ ಸಂಬಂಧವನ್ನೇ ಕಲ್ಪಿಸಿರಲಿಲ್ಲವಾದುದರಿಂದ ಗುಪ್ತಪದವನ್ನು ಬಲ್ಲವನೇ ಬ್ಯಾಂಕಿನ ಮುದ್ರೆಯನ್ನು ಹಿಡಿದವನಾದನು. ಶಾಖೆಯ ಕೆಳದರ್ಜೆಯ ನೌಕರರ ಕೃತ್ಯವೆಂದು ಬ್ಯಾಂಕು ಮೊದಲು ದೂರಿತ್ತಿತು. ಅವರು ನಿರ್ದೋಷಿಗಳೆಂದು ಇಲ್ಲಿ ಹೇಳುತ್ತಿಲ್ಲ. ಆ ನಿರ್ಣಯವು ನ್ಯಾಯಾಲಯದ್ದು. ಆದರೆ ಸ್ವಿಫ್ಟಿನ ದುರುಪಯೋಗವನ್ನು ಕುರಿತು 2016ರ ಆಗಸ್ಟಿನಿಂದ ಮೂರು ಸಲವಾದರೂ ಬ್ಯಾಂಕುಗಳನ್ನು ಗುಟ್ಟಾಗಿ ಎಚ್ಚರಿಸಿದ್ದೆವೆಂದು ರಿಜರ್ವ್ ಬ್ಯಾಂಕು ಹೇಳಿಕೆಯಿತ್ತಿತು. ಎಚ್ಚರಿಕೆಯು ಬಂದುದು ಮೇಲಿನವರ ಮೇಜಿಗೇ ಹೊರತು ಶಾಖೆಯ ಗುಮಾಸ್ತನ ಮೇಜಿಗಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಸಿ.ಬಿ.ಐ. ಸಲ್ಲಿಸಿದ ಆರೋಪಪತ್ರದಲ್ಲಿ ಬ್ಯಾಂಕಿನ ಹಿಂದಿನ ಮುಖ್ಯಾಧಿಕಾರಿಯ ಹೆಸರೂ ಕಾಣಿಸಿಕೊಂಡಿತು.

ಇದಕ್ಕೆ ವಿರುದ್ಧವಾದ ನಡೆಯೂ ಇಲ್ಲದಿಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷನಾದ ಬಿ. ರಾಮಲಿಂಗರಾಜು ಲೆಕ್ಕದ ವಂಚನೆಯನ್ನು ತಾನೇ ಒಪ್ಪಿ ಬರೆದ ಕಾಗದದಲ್ಲಿ, ನಿರ್ದೇಶಕರಲ್ಲಿ ಇನ್ನಾರಿಗೂ ಇದು ತಿಳಿಯದೆಂದು ಹೇಳಿದನು. ಹೊಣೆಯನ್ನು ಕೆಳಕ್ಕೆ ತಳ್ಳದೆ ತನ್ನಲ್ಲಿಯೇ ಇರಿಸಿಕೊಂಡಂತೆ ಆ ಕಾಗದವು ತೋರುತ್ತದೆ. ಆದರೆ 2015ರ ಏಪ್ರಿಲಿನಲ್ಲಿ ವಿಶೇಷ ನ್ಯಾಯಾಲಯವು ಅವನನ್ನೂ ಸೇರಿಸಿ ಹತ್ತು ಮಂದಿಗೆ ಶಿಕ್ಷೆಯನ್ನು ವಿಧಿಸಿತು. ಮುಂದಿನ ತಿಂಗಳು ಅವರಿಗೆ ಜಾಮೀನು ದೊರೆತು ಮೇಲ್ಮನವಿಯು ನಡೆಯಿತು. ಎಲ್ಲ ತಪ್ಪೂ ತನ್ನದೆಂಬ ಮಾತನ್ನು ಸಹ ಎಣಿಸಿ ನೋಡದೆ ಸ್ವೀಕರಿಸಲಾಗದೆಂಬುದಕ್ಕೆ ಇದೇ ಸಾಕ್ಷಿ.

ಈಗ ಒಂದು ತೊಡಕು ಎದುರಾಗುತ್ತದೆ. ಮುದ್ರೆಯು ತನ್ನದು, ಬರಹವು ತನ್ನದಲ್ಲ: ಗವಾನನ ಈ ಮಾತಿಗೂ, ರುಜುವು ತನ್ನದು, ಒಳಗೆ ನಡೆದುದು ತನಗೆ ತಿಳಿಯದು ಎಂಬ ಇಂದಿನ ಮುಖ್ಯಾಧಿಕಾರಿಯ ಮಾತಿಗೂ ಅಕ್ಷರಶಃ ಭೇದವಿಲ್ಲ. ಒಂದನ್ನು ಸತ್ಯವೆಂದೂ ಇನ್ನೊಂದನ್ನು ನುಣುಚಿಕೊಳ್ಳುವ ಮಾತೆಂದೂ ಕರೆಯುವುದಕ್ಕೆ ಆಧಾರವೇನು? ಮಾತಿನ ಧಾಟಿಯಾಗಲಿ ಆಡಿದವನ ಕೀರ್ತಿಯಾಗಲಿ ಆಧಾರವಲ್ಲ. ಆಧಾರವು ಆ 300 ಲಾರಿಗಳಲ್ಲಿದೆ. ಆ ಕಾಗದದಿಂದ ಗವಾನನಿಗೆ ಯಾವ ಲಾಭವೂ ಆಗಿರಲಿಲ್ಲ. ಅವನ ಸಾವಿನಿಂದ ಲಾಭವಾದುದು ಮಲಿಕ್ ಹಸನನಿಗೆ. ವೆಲ್ಸ್ ಫಾರ್ಗೊದಲ್ಲಿ ಲಾಭದ ಹೊಳೆಯು ಮೇಲಕ್ಕೆ ಹರಿಯಿತು, ದಂಡನೆಯ ಹೊಳೆಯು ಕೆಳಕ್ಕೆ. ಹಾಗೆಂದು ಗವಾನನನ್ನು ಸರ್ವಥಾ ನಿರ್ದೋಷಿಯೆನ್ನುವುದೂ ಸಾಧ್ಯವಿಲ್ಲ. ಆಳುಗಳ ತಲೆಯೆಣಿಕೆಗೆ ಅಷ್ಟು ಬಿಗಿಯಾದ ನಿಯಮವನ್ನು ಮಾಡಿದವನು ತನ್ನ ಮುದ್ರೆಯನ್ನು ಒಬ್ಬನೇ ಗುಲಾಮನ ಕೈಯಲ್ಲಿ, ಎರಡನೆಯ ಕಣ್ಣಿನ ಕಾವಲಿಲ್ಲದೆ ಬಿಟ್ಟಿದ್ದನು. ಅದು ದ್ರೋಹವಲ್ಲ, ಅಜಾಗರೂಕತೆ. ಅದಕ್ಕೆ ಕತ್ತಿಯು ಶಿಕ್ಷೆಯಲ್ಲ. ಮುದ್ರೆಯೊತ್ತಿದ ಹಬಶಿಯ ತಪ್ಪು ನಿಜವಾದುದು. ಆದರೆ ಕುಡಿಸಿದವರ ತಪ್ಪಿನ ಮುಂದೆ ಅದು ಎಷ್ಟರದು? ಇನ್ನು ಸುಲ್ತಾನನದು ಬೇರೆಯೇ ಬಗೆ. ಕೇಳಬೇಕಾದವನು ಕೇಳದೆಹೋದುದೇ ಅವನ ಅಪರಾಧ. ಮುಂದೆ ಪಿತೂರಿಗಾರರನ್ನು ದೂಷಿಸಿದರೂ ಆ ಪಾಲು ಅವರಿಗೆ ವರ್ಗವಾಗುವಂತಹುದಲ್ಲ.

ಇಂಡಿಯಾ ದೇಶದ ಈಗಿನ ಶಾಸನವು ಈ ಪಾಲುಗಳನ್ನು ಬೇರ್ಪಡಿಸಲು ತಕ್ಕಮಟ್ಟಿಗೆ ಯತ್ನಿಸಿದೆ. 2013ರ ಕಂಪೆನಿಗಳ ಅಧಿನಿಯಮದ 134ನೆಯ ಪ್ರಕರಣದಂತೆ ಲೆಕ್ಕಗಳ ಹೊಣೆಯು ತಮ್ಮದೆಂದು ನಿರ್ದೇಶಕರು ವರ್ಷವರ್ಷವೂ ಬರೆದುಕೊಡಬೇಕು. ಅದೇ ಅಧಿನಿಯಮವು 'ತಪ್ಪಿತಸ್ಥ ಅಧಿಕಾರಿ' ಎಂಬ ಶಬ್ದಕ್ಕೆ ಕೊಟ್ಟ ಲಕ್ಷಣದಲ್ಲಿ, ಸಭೆಯ ನಡಾವಳಿಯಿಂದ ವಿಷಯವು ತಿಳಿದಿದ್ದೂ ಆಕ್ಷೇಪಿಸದೆ ಸುಮ್ಮನಿದ್ದ ನಿರ್ದೇಶಕನೂ ಸೇರುತ್ತಾನೆ. ಕಂಪೆನಿಗೆ ಮುದ್ರೆಯಿರಲೇಬೇಕೆಂಬ ಹಳೆಯ ನಿಯಮವನ್ನು 2015ರ ತಿದ್ದುಪಡಿಯು ತೆಗೆದುಹಾಕಿತು. ಮುದ್ರೆಯನ್ನು ಇಟ್ಟುಕೊಳ್ಳದ ಕಂಪೆನಿಯಲ್ಲಿ ಅದು ಬೀಳಬೇಕಾದ ಕಡೆ ಈಗ ಇಬ್ಬರು ನಿರ್ದೇಶಕರ ರುಜುಗಳು ಬೀಳಬೇಕು. ಕಾರ್ಯದರ್ಶಿಯೊಬ್ಬನಿದ್ದರೆ ಒಬ್ಬ ನಿರ್ದೇಶಕನದೂ ಅವನದೂ ಸಾಕು.